ಸೋರಿಕೆ ತಡೆಯಲು ಹೋದರೆ ಪಂಪು ಯಾಕೆ ನಡುಗುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಮೂರು ಪಂಪಿನ ಸೀಲ್ ಬಗ್ಗೆಯೇ ಇದ್ದವು. ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಹಳೇ ಪಂಪಿನ ಗ್ಲ್ಯಾಂಡ್‌ನಿಂದ ಯಾವಾಗಲೂ ನೀರು ತೊಟ್ಟಿಕ್ಕುತ್ತದೆ. ಎಷ್ಟು ಬಿಗಿ ಮಾಡಿದರೂ ಎರಡೇ ದಿನಕ್ಕೆ ಮತ್ತೆ ಶುರು. ಪೂರ್ತಿ ನಿಲ್ಲಿಸುವುದು ಹೇಗೆ?
(ಚನ್ನಗಿರಿಯ ಓದುಗರು)

ಉತ್ತರ: ಪೂರ್ತಿ ನಿಲ್ಲಿಸಬೇಡಿ. ಗ್ಲ್ಯಾಂಡ್ ಅಂದರೆ ಶಾಫ್ಟ್ (ತಿರುಗುವ ದಂಡ) ಪಂಪಿನಿಂದ ಹೊರಬರುವ ಜಾಗದಲ್ಲಿ ಪ್ಯಾಕಿಂಗ್ ಎಂಬ ಹಗ್ಗವನ್ನು ಒತ್ತಿ ಹಿಡಿಯುವ ಭಾಗ. ಗ್ಲ್ಯಾಂಡ್‌ನಿಂದ ಹನಿ ಬೀಳಲೇಬೇಕು. ಪ್ಯಾಕಿಂಗ್‌ಗೆ ಆ ನೀರೇ ಎಣ್ಣೆ, ಆ ನೀರೇ ತಂಪು. ನಿಮಿಷಕ್ಕೆ 40ರಿಂದ 60 ಹನಿ ಬೀಳುತ್ತಿದ್ದರೆ ಚೆನ್ನಾಗಿದೆ ಅಂತಲೇ ತಿಳಿಯಿರಿ. ಜಾಸ್ತಿ ಬಿಗಿ ಮಾಡಿದರೆ ಪ್ಯಾಕಿಂಗ್ ಸುಟ್ಟು ಗಟ್ಟಿಯಾಗುತ್ತದೆ, ಕೆಳಗಿನ ಸ್ಲೀವ್ (ಶಾಫ್ಟಿಗೆ ತೊಡಿಸಿದ ಕೊಳವೆ) ಮೇಲೆ ಗೀರು ಬೀಳುತ್ತದೆ, ಆಮೇಲೆ ಎಷ್ಟೇ ಒಳ್ಳೆಯ ಪ್ಯಾಕಿಂಗ್ ತಂದು ಹಾಕಿದರೂ ಆ ಗೀರಿನ ದಾರಿಯಲ್ಲೇ ನೀರು ಹೊರಗೆ ಬರುತ್ತದೆ. ನಿಮ್ಮ ಪಂಪಿನಲ್ಲಿ ಈ ಹಂತ ಆಗಲೇ ದಾಟಿರಬೇಕು. ಪ್ಯಾಕಿಂಗ್ ತೆಗೆದು ಸ್ಲೀವ್ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಕ್ಕಿದರೆ ಸ್ಲೀವ್ ಬದಲಿಸಿ. ಹೊಸ ಪ್ಯಾಕಿಂಗನ್ನು ಉದ್ದಕ್ಕೆ ಸುರುಳಿ ಸುತ್ತಿ ತುರುಕಬೇಡಿ. ಒಂದೊಂದು ಸುತ್ತಿಗೂ ಬೇರೆ ತುಂಡು ಕತ್ತರಿಸಿ, ಸೇರುವ ಜಾಗಗಳು ಒಂದೇ ಸಾಲಿಗೆ ಬರದಂತೆ ಕಾಲು ಸುತ್ತು ತಿರುಗಿಸಿ ಕೂರಿಸಿ.

ಪ್ರಶ್ನೆ: ಸರ್, ನಾನು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮ ಬಾಯ್ಲರ್ ಫೀಡ್ ಪಂಪು 8 ಸ್ಟೇಜಿನದು (ನೀರಿನ ಒತ್ತಡ ಏರಿಸುವ ಚಕ್ರಗಳು ಸಾಲಾಗಿ ಎಂಟು), 2,950 ಆರ್‌ಪಿಎಂ. ಒಳಗಿನ ಸೋರಿಕೆ ಕಡಿಮೆಯಾಗಲಿ ಅಂತ ಈ ಸಲದ ಓವರ್‌ಹಾಲ್‌ನಲ್ಲಿ ನಯವಾದ ವೇರ್ ರಿಂಗ್ (ಚಕ್ರಕ್ಕೂ ಪಂಪಿನ ಒಡಲಿಗೂ ನಡುವಿನ ಸಂದಿಯ ಬಳೆ) ತೆಗೆದು ಗ್ರೂವ್ ಹೊಡೆದ ರಿಂಗ್ ಹಾಕಿದೆವು. ಬೇರಿಂಗ್ ಹೊಸದು, ಅಲೈನ್‌ಮೆಂಟ್ ಸರಿಯಿದೆ, ರೋಟರ್ ಬ್ಯಾಲೆನ್ಸ್ ಮಾಡಿಸಿದ್ದೇವೆ. ಆದರೂ ವೈಬ್ರೇಶನ್ ಸೆಕೆಂಡಿಗೆ 3 ಮಿಲಿಮೀಟರ್ ಇದ್ದದ್ದು 7ಕ್ಕೆ ಏರಿದೆ. ಎಲ್ಲಿ ತಪ್ಪಾಯಿತು?
(ಅಥಣಿ ಕಡೆಯ ಓದುಗರು)

ಉತ್ತರ: ನಿಮ್ಮ ಕೆಲಸದಲ್ಲಿ ತಪ್ಪು ಕಾಣುತ್ತಿಲ್ಲ. ನನ್ನ ಅನುಮಾನ ಆ ರಿಂಗ್ ಮೇಲೆಯೇ. ಶಾಫ್ಟನ್ನು ಹಿಡಿದಿರುವುದು ಎರಡು ತುದಿಯ ಬೇರಿಂಗ್ ಮಾತ್ರ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಉದ್ದನೆಯ ಶಾಫ್ಟಿನ ಪಂಪಿನಲ್ಲಿ ನಡುವೆ ಅದನ್ನು ಹಿಡಿಯುವುದು ವೇರ್ ರಿಂಗ್‌ಗಳ ಸಂದಿಯಲ್ಲಿ ಹರಿಯುವ ನೀರು.

ಹೇಗೆ ಅಂತ ನೋಡಿ. ಸಂದಿಯ ಒಂದು ಬದಿ ಜಾಸ್ತಿ ಒತ್ತಡ, ಇನ್ನೊಂದು ಬದಿ ಕಡಿಮೆ. ನೀರು ಸಂದಿಗೆ ನುಗ್ಗುವಾಗಲೇ ಸ್ವಲ್ಪ ಒತ್ತಡ ಕಳೆದುಕೊಳ್ಳುತ್ತದೆ, ಉಳಿದದ್ದು ಉಜ್ಜಿಕೊಂಡು ಸಾಗುವಾಗ ಹೋಗುತ್ತದೆ. ಈಗ ಶಾಫ್ಟ್ ಒಂಚೂರು ಕೆಳಗೆ ಜಗ್ಗಿತು ಅಂದುಕೊಳ್ಳಿ. ಕೆಳಗಡೆ ಸಂದಿ ಕಿರಿದಾಯಿತು, ಅಲ್ಲಿ ನೀರು ನಿಧಾನ, ಬಾಗಿಲಲ್ಲೇ ಕಳೆದುಹೋಗುವ ಒತ್ತಡ ಕಡಿಮೆ, ಹಾಗಾಗಿ ಒಳಗೆ ಒತ್ತಡ ಜಾಸ್ತಿ ಉಳಿಯುತ್ತದೆ. ಮೇಲ್ಗಡೆ ಸಂದಿ ಅಗಲ, ನೀರು ರಭಸ, ಒಳಗೆ ಉಳಿಯುವ ಒತ್ತಡ ಕಡಿಮೆ. ಕೆಳಗಿನ ಒತ್ತಡ ಗೆದ್ದು ಶಾಫ್ಟನ್ನು ಮತ್ತೆ ನಡುವಿಗೆ ತಳ್ಳುತ್ತದೆ. ನೀರೇ ಸ್ಪ್ರಿಂಗ್ ಆಯಿತು! 1950ರ ದಶಕದಲ್ಲಿ ಇದನ್ನು ವಿವರಿಸಿದ ಸೋವಿಯತ್ ಎಂಜಿನಿಯರ್ ಲೊಮಾಕಿನ್ ಹೆಸರಲ್ಲೇ ಇದನ್ನು ಲೊಮಾಕಿನ್ ಪರಿಣಾಮ ಅನ್ನುತ್ತಾರೆ. ಸಂದಿ ಸಣ್ಣದಿದ್ದಷ್ಟೂ, ಒತ್ತಡದ ವ್ಯತ್ಯಾಸ ಹೆಚ್ಚಿದಷ್ಟೂ ಸ್ಪ್ರಿಂಗ್ ಗಟ್ಟಿ.

ಗ್ರೂವ್ ಹೊಡೆದರೆ ಸೋರಿಕೆ ಕಡಿಮೆಯಾಗುವುದು ನಿಜ. ಆದರೆ ಸುತ್ತಲೂ ಹಾದುಹೋಗುವ ಗ್ರೂವ್‌ನಲ್ಲಿ ಮೇಲಿನ ನೀರು, ಕೆಳಗಿನ ನೀರು ಬೆರೆತು ಒತ್ತಡ ಸಮವಾಗುತ್ತದೆ. ವ್ಯತ್ಯಾಸವೇ ಹೋದರೆ ಶಾಫ್ಟನ್ನು ನಡುವಿಗೆ ತಳ್ಳುವವರು ಯಾರು? ಸ್ಪ್ರಿಂಗ್ ಸಡಿಲವಾದಾಗ ರೋಟರಿನ ಕ್ರಿಟಿಕಲ್ ಸ್ಪೀಡ್ (ಅದು ತಾನಾಗಿಯೇ ಜೋರಾಗಿ ನಡುಗುವ ವೇಗ) ಕೆಳಗಿಳಿದು ನೀವು ಓಡಿಸುವ ವೇಗದ ಹತ್ತಿರಕ್ಕೆ ಬರುತ್ತದೆ. ಆಗ ಮೊದಲು ಲೆಕ್ಕಕ್ಕೇ ಇಲ್ಲದ ಚಿಕ್ಕ ಅನ್‌ಬ್ಯಾಲೆನ್ಸ್ ಕೂಡ ದೊಡ್ಡದಾಗಿ ಕಾಣುತ್ತದೆ. ರಿಂಗ್ ಸವೆದ ಹಳೇ ಪಂಪು ನಡುಗುವುದಕ್ಕೂ ಬಹಳ ಸಲ ಇದೇ ಕಾರಣ. ಜನ ಸುಮ್ನೆ ಬೇರಿಂಗ್ ಮೇಲೆ ಬೇರಿಂಗ್ ಬದಲಿಸುತ್ತಿರುತ್ತಾರೆ, ನನಗೆ ಅದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಸಂದಿಯ ನೀರು ಶಾಫ್ಟಿನ ಜೊತೆ ತಾನೂ ತಿರುಗುತ್ತದೆ, ಸಾಮಾನ್ಯವಾಗಿ ಸುಮಾರು ಅರ್ಧ ವೇಗದಲ್ಲಿ. ಹಾಗೆ ತಿರುಗುವಾಗ ಶಾಫ್ಟನ್ನು ಅಡ್ಡಕ್ಕೆ ತಳ್ಳಿ ತಳ್ಳಿ ಗಿರಕಿ ಹೊಡೆಸುತ್ತದೆ. 1976ರಲ್ಲಿ ಅಮೆರಿಕದ ಸ್ಪೇಸ್ ಶಟಲ್ ಎಂಜಿನ್ನಿನ ಹೈಡ್ರೋಜನ್ ಪಂಪಿನ ಪರೀಕ್ಷೆಯಲ್ಲಿ ಇಂಥದ್ದೇ ಗಿರಕಿ ಬಹಳ ಕಾಡಿತು. ನಿಮಿಷಕ್ಕೆ 35,000 ಸುತ್ತಿನ ಆಸುಪಾಸು ತಿರುಗಬೇಕಾದ ಪಂಪು ಅದು. ನಾಸಾ ಮತ್ತು ಎಂಜಿನ್ ತಯಾರಿಸಿದ ರಾಕೆಟ್‌ಡೈನ್‌ನವರು ಬೇರಿಂಗ್ ಕೂರುವ ಆಧಾರವನ್ನು ಗಟ್ಟಿ ಮಾಡಿದರು. ಜೊತೆಗೆ ಸ್ಟೇಜುಗಳ ನಡುವಿನ ಹಲ್ಲಿನ ಸೀಲ್ ತೆಗೆದು ನಯವಾದ ಸೀಲ್ ಹಾಕಿದರು. ಪಂಪು ದಾರಿಗೆ ಬಂತು. ಮುಂದೆ ನಾಸಾದ ಫಾನ್ ಪ್ರಾಗೆನೌ ಇನ್ನೂ ಚಂದದ ದಾರಿ ತೋರಿಸಿದರು. ತಿರುಗುವ ಭಾಗ ನಯವಾಗಿರಲಿ, ತಿರುಗದ ಭಾಗ ಜೇನುಗೂಡಿನ ಥರ ಒರಟಾಗಿರಲಿ. ಆ ಒರಟು ಗೋಡೆ ನೀರಿನ ತಿರುಗಾಟಕ್ಕೆ ಬ್ರೇಕ್ ಹಾಕುತ್ತದೆ, ಸೋರಿಕೆಯನ್ನೂ ತಗ್ಗಿಸುತ್ತದೆ. ಒಂದೇ ಬದಲಾವಣೆಯಿಂದ ಎರಡೂ ಕಾಯಿಲೆಗೆ ಮದ್ದು. ಇದು ನನಗೆ ತುಂಬಾ ಇಷ್ಟವಾದ ಯೋಚನೆ.

ನಿಮ್ಮ ಪಂಪಿಗೆ ಬರೋಣ. ಮೊದಲು ವೈಬ್ರೇಶನ್ ಯಾವ ಫ್ರೀಕ್ವೆನ್ಸಿಯಲ್ಲಿದೆ ಅಂತ ಅಳತೆ ಮಾಡಿಸಿ. ಒಟ್ಟು ಎಷ್ಟು ಅನ್ನುವ ಅಂಕಿ ಒಂದೇ ಸಾಲದು. 49 ಹರ್ಟ್ಜ್ (ಪಂಪು ಸೆಕೆಂಡಿಗೆ ತಿರುಗುವ ಸುತ್ತು) ಹತ್ತಿರ ಇದ್ದರೆ ಸ್ಪ್ರಿಂಗ್ ಸಡಿಲವಾದ ಕಥೆ, ಅದರ ಅರ್ಧದ ಆಸುಪಾಸಿನಲ್ಲಿದ್ದರೆ ಗಿರಕಿ. ಮೊದಲನೆಯದಾದರೆ ನಯವಾದ ರಿಂಗನ್ನೇ ವಾಪಸ್ ಹಾಕಿ, ಕ್ಲಿಯರೆನ್ಸ್ (ಸಂದಿಯ ಅಳತೆ) ಸರಿಯಾಗಿಡಿ. ಪಂಪುಗಳಿಗಿರುವ ಎಪಿಐ 610 ಮಾನದಂಡದ ಪ್ರಕಾರ 100 ಮಿಲಿಮೀಟರ್ ವ್ಯಾಸದ ರಿಂಗಿಗೆ ವ್ಯಾಸದ ಮೇಲೆ ಕನಿಷ್ಠ 0.38 ಮಿಲಿಮೀಟರ್ ಬಿಡಬೇಕು. ಸೋರಿಕೆ ಉಳಿಸುವ ಆಸೆಗೆ ಅದಕ್ಕಿಂತ ಇಳಿಸಲು ಹೋಗಬೇಡಿ. ಎರಡು ರಿಂಗಿನ ಗಡಸುತನದಲ್ಲಿ 50 ಬ್ರಿನೆಲ್ ವ್ಯತ್ಯಾಸವಾದರೂ ಇರಲಿ, ಇಲ್ಲದಿದ್ದರೆ ತಾಗಿದಾಗ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಗಿರಕಿಯೇ ಆದರೆ, ನೀರು ಸಂದಿಗೆ ನುಗ್ಗುವ ಜಾಗದಲ್ಲಿ ಅದರ ತಿರುಗಾಟ ತಡೆಯುವ ಚಿಕ್ಕ ಪಟ್ಟಿಗಳನ್ನು ಕೂರಿಸಬಹುದು. ಅದನ್ನು ಪಂಪು ತಯಾರಿಸಿದವರನ್ನೇ ಕೇಳಿ ಮಾಡಿಸಿ.

ಪ್ರಶ್ನೆ: ಮನೆಯ ಮೊನೊಬ್ಲಾಕ್ ಪಂಪಿನ ಮೆಕ್ಯಾನಿಕಲ್ ಸೀಲ್ ಮೂರು ತಿಂಗಳಿಗೊಮ್ಮೆ ಹೋಗುತ್ತಿದೆ. ರಿಪೇರಿಯವರು ಸೀಲೇ ಕಳಪೆ ಅನ್ನುತ್ತಾರೆ. ನಿಜವೇ?
(ಮೈಸೂರಿನ ಓದುಗರು)

ಉತ್ತರ: ಇರಬಹುದು, ಆದರೆ ನಾನು ಮೊದಲು ಫುಟ್ ವಾಲ್ವ್ (ನೀರೆಳೆಯುವ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ನೋಡುತ್ತೇನೆ. ಸೀಲಿನಲ್ಲಿ ಒಂದಕ್ಕೊಂದು ಒತ್ತಿಕೊಂಡ ಎರಡು ಬಿಲ್ಲೆಗಳಿವೆ, ಒಂದು ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ಸಾಮಾನ್ಯವಾಗಿ ಒಂದು ಕಾರ್ಬನ್, ಇನ್ನೊಂದು ಸೆರಾಮಿಕ್. ನಡುವಿನ ನೀರಿನ ಪದರ ಸುಮಾರು ಒಂದು ಮೈಕ್ರಾನ್ ಅಷ್ಟೇ, ತಲೆಗೂದಲಿನ ಹತ್ತಾರು ಪಾಲಿನಲ್ಲಿ ಒಂದು ಪಾಲು. ಫುಟ್ ವಾಲ್ವ್ ಸೋರಿ ಪೈಪು ಖಾಲಿಯಾಗಿದ್ದರೆ ಸ್ವಿಚ್ ಹಾಕಿದಾಗ ಪಂಪು ಒಣಗಿ ಓಡುತ್ತದೆ. ಆ ಪದರ ಇಲ್ಲವಾಗಿ ಬಿಲ್ಲೆ ಕಾಯುತ್ತದೆ, ಕಾದ ಸೆರಾಮಿಕ್ ಮೇಲೆ ತಣ್ಣೀರು ಬಿದ್ದಾಗ ಬಿರುಕು ಬಿಡುತ್ತದೆ. ಹಳೇ ಸೀಲ್ ಬಿಸಾಡಿಲ್ಲದಿದ್ದರೆ ತೆಗೆದು ನೋಡಿ. ಬಿಲ್ಲೆಯಲ್ಲಿ ಸುಟ್ಟ ಕಲೆ ಅಥವಾ ನಡುವಿನಿಂದ ಹೊರಕ್ಕೆ ಹರಡಿದ ಬಿರುಕು ಕಂಡರೆ ಪಂಪು ಒಣಗಿ ಓಡಿರುವ ಸಾಧ್ಯತೆಯೇ ಹೆಚ್ಚು. ಕಲೆ, ಬಿರುಕು ಏನೂ ಇಲ್ಲದೆ ಅಂಚು ಮಾತ್ರ ಚೂರುಚೂರಾಗಿ ಎದ್ದಿದ್ದರೆ ಪಂಪು ನಡುಗುತ್ತಿದೆ, ಬಿಲ್ಲೆಗಳು ಬಿಟ್ಟು ಬಿಟ್ಟು ಹೊಡೆದುಕೊಳ್ಳುತ್ತಿವೆ. ಆಗ ತಳದ ಬೋಲ್ಟು, ಮೋಟಾರಿನ ಬೇರಿಂಗ್ ಎರಡನ್ನೂ ನೋಡದೆ ಹೊಸ ಸೀಲ್ ಹಾಕಿಸಬೇಡಿ.