ಬಂದೂಕಿಗೆ ಮನೆಯಲ್ಲೇ ಗುರಿಮಣಿ (ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಪುಟ್ಟ ಲೋಹದ ಉಂಡೆ) ಕೂರಿಸಬಹುದೇ?

ಕೊಪ್ಪಳ, ಗಂಗಾವತಿ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದ 12 ಬೋರ್ ಬಂದೂಕಿಗೆ ಕೂರಿಸಬಹುದು. ಬಂದೂಕು ಚಿಕ್ಕದಾಗಲೆಂದು ನಳಿಗೆ ಮಾತ್ರ ಕತ್ತರಿಸಬೇಡಿ: ಪರವಾನಗಿಯಿಲ್ಲದೆ ಮೊಟಕುಗೊಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್‌ಗೆ ವಿರುದ್ಧ, ಮೇಲಾಗಿ ಚೋಕ್ (ನಳಿಗೆಯ ತುದಿಯ ಕಿರಿದಾದ ಭಾಗ) ಹೋಗಿ ಚರೆ ಚದುರುತ್ತದೆ.

ತೋಟಾ ತೆಗೆದು, ನಳಿಗೆ ಖಾಲಿಯೆಂದು ಎರಡು ಸಲ ನೋಡಿ. ತುದಿ ಉಜ್ಜಿ, ಅಸಿಟೋನ್‌ನಿಂದ ಒರೆಸಿ, 3 ಮಿ.ಮೀ. ಹಿತ್ತಾಳೆ ಮಣಿಯನ್ನು ಎಪಾಕ್ಸಿಯಲ್ಲಿ ಅಂಟಿಸಿ ಒಂದು ದಿನ ಬಿಡಿ. ಎಣ್ಣೆ ಉಳಿದರೆ ಹೊಡೆತದ ಅದುರಿಗೆ ಕಿತ್ತುಬರುತ್ತದೆ. ಬೆಸುಗೆ ಖಂಡಿತ ಬೇಡ, ಜೋಡಿನಳಿಗೆಯ ಮೂಲ ಬೆಸುಗೆಯೇ ಕಾವಿಗೆ ಬಿಟ್ಟುಕೊಳ್ಳುತ್ತದೆ.

ಮಣಿ ಎತ್ತರವಾದಷ್ಟೂ ಹೊಡೆತ ಕೆಳಗೆ. ಹಿಂಗುರಿಯಿಂದ (ಕಣ್ಣಿನ ಕಡೆಯ ಗುರಿಗುರುತು) ಮಣಿಗೆ 70 ಸೆಂ.ಮೀ. ಇದ್ದರೆ, 1 ಮಿ.ಮೀ. ಹೆಚ್ಚಳಕ್ಕೆ 25 ಮೀಟರಿನಲ್ಲಿ ಸುಮಾರು 3.5 ಸೆಂ.ಮೀ. ಇಳಿಯುತ್ತದೆ. ಅದಕ್ಕೇ ಮೊದಲು ಎತ್ತರವಾಗಿಟ್ಟು, ಕಾಗದದ ಗುರಿ ನೋಡಿಕೊಂಡು ಅರದಿಂದ ಸವೆಸಿ.