ಹೆಬ್ಬಾತಿಗೆ ಚಪ್ಪಾಳೆ ತಟ್ಟುವವರಿಗೆ

ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ನನಗೆ ಪತ್ರಗಳು ಶುರುವಾಗುತ್ತವೆ. ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಹೋದ ವರ್ಷದ್ದೇ. ಪಟ್ಟೆತಲೆ ಹೆಬ್ಬಾತು ನೋಡಲು ಹೇಗಿರುತ್ತದೆ, ಎಲ್ಲಿಂದ ಬರುತ್ತದೆ ಎಂದು ಪಾಠ ಮಾಡಲು ನನಗೆ ವ್ಯವಧಾನವಿಲ್ಲ. ನೆತ್ತಿಯ ಮೇಲೆ ಎರಡು ಕಪ್ಪು ಪಟ್ಟೆ ಕಂಡರೆ ಅದೇ.

ಹೆಬ್ಬಾತುಗಳು ಹಗಲೆಲ್ಲ ಕೆರೆಯಲ್ಲಿ ಸುಮ್ಮನೆ ಕೂತಿರುತ್ತವೆ. ಚಪ್ಪಾಳೆ ತಟ್ಟಿದರೆ ಒಟ್ಟಿಗೆ ಏಳುತ್ತವೆ, ಆದರೆ ಫೋಟೊದಲ್ಲಿ ಬರೀ ಬಾಲ ಬರುತ್ತದೆ. ಕ್ಯಾಮೆರಾ ಸೆಟ್ಟಿಂಗ್ ಏನಿಡಬೇಕು ಸಾರ್? (ಶಿರಾ)

ಸೆಟ್ಟಿಂಗ್ ಆಮೇಲೆ ಸ್ವಾಮಿ, ಮೊದಲು ಕೈ ಕಟ್ಟಿಕೊಳ್ಳಿ. ಹೆದರಿದ ಹಕ್ಕಿ ನಿಮ್ಮಿಂದ ದೂರಕ್ಕೆ ಹಾರುತ್ತದೆಯೇ ಹೊರತು ನಿಮ್ಮ ಮುಖಕ್ಕೆ ಹಾರಿ ಬರುವುದಿಲ್ಲ. ಬಾಲ ಬಿಟ್ಟು ಇನ್ನೇನು ಸಿಗಬೇಕು?

ಅವು ಸುಮ್ಮನೆ ಕೂತಿಲ್ಲ. ರಾತ್ರಿಯೆಲ್ಲ ಹೊಲ, ಹುಲ್ಲುಗಾವಲು ಮೇಯ್ದು ಬಂದು ಹಗಲು ನೀರಿನಲ್ಲಿ ನಿದ್ದೆ ಮಾಡುತ್ತಿವೆ. ಎರಡರಿಂದ ಮೂರು ಕಿಲೋ ತೂಗುವ ಹಕ್ಕಿ, ಬೇಸಿಗೆಗೆ ಮುಂಚೆ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆ ವಾಪಸು ಹೋಗಬೇಕು. ಅದಕ್ಕೆ ಬೇಕಾದ ಕೊಬ್ಬು ಕೂಡಿಸಿಕೊಳ್ಳುವುದು ಇಲ್ಲೇ. ದಿನಕ್ಕೆ ನಾಲ್ಕು ಜನ ನಾಲ್ಕು ಸಲ ಎಬ್ಬಿಸಿದರೆ ಮೇಯ್ದದ್ದೆಲ್ಲ ರೆಕ್ಕೆ ಬಡಿಯುವುದಕ್ಕೇ ಖರ್ಚು.

ಕೂತ ಹಕ್ಕಿಯಲ್ಲಿ ನೋಡಬೇಕಾದ್ದು ಕತ್ತು. ಗುಂಪಿನಲ್ಲಿ ಒಂದೆರಡು ಯಾವಾಗಲೂ ಕಾವಲಿಗಿರುತ್ತವೆ, ಮಿಕ್ಕವು ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿಕೊಂಡಿರುತ್ತವೆ. ನೀವು ಒಂದು ಹೆಜ್ಜೆ ಮುಂದಿಟ್ಟಾಗ ಕಾವಲಿನದು ಕತ್ತನ್ನು ಕೋಲಿನ ಹಾಗೆ ನೆಟ್ಟಗೆ ನಿಲ್ಲಿಸಿತು ಅನ್ನಿ. ಅಲ್ಲೇ ನಿಲ್ಲಿ. ಮಲಗಿದ್ದವೂ ಒಂದೊಂದೇ ಕತ್ತೆತ್ತಿದವು ಅನ್ನಿ. ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಕತ್ತುಗಳು ಮತ್ತೆ ಬಾಗಿ ಕೊಕ್ಕು ಗರಿಯೊಳಗೆ ಹೋದ ಜಾಗ ಯಾವುದೋ ಅದೇ ನಿಮ್ಮ ಗೆರೆ. ಇಷ್ಟು ಮೀಟರ್ ದೂರ ಎಂದು ಲೆಕ್ಕ ಕೇಳುತ್ತೀರಿ. ಆ ಲೆಕ್ಕ ನನ್ನ ಹತ್ತಿರ ಇಲ್ಲ, ಹಕ್ಕಿಯ ಹತ್ತಿರ ಇದೆ. ಹಿಂದಿನ ವಾರ ಯಾರೋ ಕಲ್ಲು ಹೊಡೆದಿದ್ದರೆ ಗೆರೆ ಇನ್ನೂ ದೂರ ಸರಿದಿರುತ್ತದೆ.

ತಾವಾಗಿಯೇ ಏಳುವಾಗ ಅವು ಹೇಳಿಯೇ ಏಳುತ್ತವೆ. ಹೊತ್ತು ಇಳಿಯುತ್ತಿದ್ದಂತೆ ಗೊಣಗಾಟ ಜೋರಾಗುತ್ತದೆ. ಆಮೇಲೆ ಒಂದು ಹಕ್ಕಿ, ಕಿವಿಗೆ ನೀರು ಹೊಕ್ಕವರ ಹಾಗೆ, ತಲೆಯನ್ನು ಅತ್ತಿತ್ತ ಒದರುತ್ತದೆ. ಪಕ್ಕದ್ದೂ ಒದರುತ್ತದೆ. ಒದರಾಟ ಗುಂಪಿಗೆಲ್ಲ ಹರಡಿತೆಂದರೆ ಕ್ಯಾಮೆರಾ ಕಣ್ಣಿಗೆ ಹೋಗಲಿ, ಹೊರಡಲು ಇನ್ನು ಹೆಚ್ಚು ಹೊತ್ತಿಲ್ಲ. ಇದಕ್ಕೆ ಚಪ್ಪಾಳೆ ಬೇಡ, ಎರಡು ಗಂಟೆ ತಾಳ್ಮೆ ಬೇಕು.

ಆದರೂ ಸಂಜೆಯ ಫೋಟೊ ಬಗ್ಗೆ ನನಗೆ ಅಷ್ಟು ಆಸೆ ಇಲ್ಲ. ಹೆಬ್ಬಾತು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ನಮ್ಮ ತುಮಕೂರು, ಕೋಲಾರದ ಬಯಲಿನಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಲ ಕಡೆಯದು. ಸಂಜೆ ಸೂರ್ಯನಿಗೆ ಬೆನ್ನು ಮಾಡಿ ಪಡುವಲ ದಡದಲ್ಲಿ ನಿಂತರೆ ಹಕ್ಕಿಗಳು ಮೂಡಲಿಗೆ ಏಳುತ್ತವೆ, ಅಂದರೆ ಮತ್ತೆ ಬಾಲ. ಮೂಡಲ ದಡದಲ್ಲಿ ನಿಂತರೆ ಬಿಸಿಲು ನಿಮ್ಮ ಕಣ್ಣಿಗೇ ಹೊಡೆದು ಹಕ್ಕಿ ಇದ್ದಿಲಾಗಿ ಬರುತ್ತದೆ. ಸಂಜೆ ನೋಡಿ ಸಂತೋಷಪಡಿ, ಅಷ್ಟೇ.

ಬೆಳಗ್ಗೆ ಹಾಗಲ್ಲ, ಗಾಳಿಯೂ ಸೂರ್ಯನೂ ಒಂದೇ ದಿಕ್ಕಿನಲ್ಲಿ. ಇನ್ನೂ ಕತ್ತಲಿರುವಾಗಲೇ ಮೂಡಲ ದಡಕ್ಕೆ ಹೋಗಿ ಕೂತುಬಿಡಿ. ಏರಿಯ ಮೇಲೆ ನಿಲ್ಲಬೇಡಿ, ಅಲ್ಲಿ ನಿಂತ ಮನುಷ್ಯ ಇಡೀ ಕೆರೆಗೆ ಕಾಣುತ್ತಾನೆ. ಕೆಳಗೆ ಜಾಲಿಯ ಮರೆಯಲ್ಲಿ ಕೂರಿ, ಮುಳ್ಳು ಚುಚ್ಚಿದರೆ ಚುಚ್ಚಲಿ. ಗಾಳಿಯ ಬಗ್ಗೆ ಅನುಮಾನವಿದ್ದರೆ ಒಂದು ಹಿಡಿ ಒಣಮಣ್ಣು ತೂರಿ ನೋಡಿ. ಹೊಲದಿಂದ ಮರಳುವ ಗುಂಪು ಒಂದು ಸುತ್ತು ಹಾಕಿ, ಪಡುವಲಿಂದ ನಿಮ್ಮತ್ತ ಮುಖ ಮಾಡಿ ಇಳಿಯುತ್ತದೆ. ರೆಕ್ಕೆ ಮೊರದ ಹಾಗೆ ಬಾಗಿರುತ್ತದೆ, ಕಿತ್ತಳೆ ಕಾಲು ಮುಂದಕ್ಕೆ ಚಾಚಿರುತ್ತದೆ, ಬಿಸಿಲು ನೇರ ಮುಖಕ್ಕೆ ಬಿದ್ದು ಹಳದಿ ಕೊಕ್ಕಿನ ತುದಿಯ ಕಪ್ಪೂ ಎಣಿಸಿದಂತೆ ಕಾಣುತ್ತದೆ.

ಈಗ ಸೆಟ್ಟಿಂಗ್. ಶಟರ್ 1/2000, ಐಎಸ್‌ಒ ಆಟೋ. ಹಿಂದೆ ಕಪ್ಪು ನೀರಿದ್ದರೆ ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ, ಇಲ್ಲದಿದ್ದರೆ ಬಿಳಿ ತಲೆ ಸುಣ್ಣ ಬಳಿದ ಗೋಡೆಯಾಗುತ್ತದೆ. ಹಿಂದೆ ಆಕಾಶ ಬಂದರೆ ಏರಿಸಿ.

ಇಳಿದ ಮೇಲೂ ಎದ್ದು ಹೋಗಬೇಡಿ. ಗುಂಪು ಅನ್ನುತ್ತೇವೆ, ಆದರೆ ಒಳಗಿರುವುದು ಸಂಸಾರಗಳು. ತಲೆಯಲ್ಲಿ ಪಟ್ಟೆಯಿಲ್ಲದೆ ನೆತ್ತಿ ಮಾಸಲಾಗಿರುವುದು ಆ ವರ್ಷದ ಮರಿ. ಒಮ್ಮೆ ಅಂಥ ಒಂದು ಮರಿ ತಪ್ಪಿ ಬೇರೆ ಜೋಡಿಯ ಪಕ್ಕ ಇಳಿಯಿತು. ಆ ಮನೆಯ ಯಜಮಾನ ಕತ್ತನ್ನು ನೀರಿನ ಮಟ್ಟಕ್ಕೆ ಚಾಚಿಕೊಂಡು ಅಟ್ಟಿಸಿಕೊಂಡು ಹೋಗಿ ಹಿಂತಿರುಗಿದ, ಹೆಂಡತಿಯ ಪಕ್ಕ ಬಂದು ಇಬ್ಬರೂ ಕತ್ತು ಚಾಚಿ ಒಟ್ಟಿಗೆ ಕೂಗಿದರು. ಬೀದಿ ಜಗಳ ಗೆದ್ದು ಬಂದವರ ವರಸೆ. ಅದು ನನ್ನ ಹತ್ತಿರ ಇರುವ ಒಳ್ಳೆಯ ಚಿತ್ರಗಳಲ್ಲಿ ಒಂದು. ಅವತ್ತು ಒಂದು ಹಕ್ಕಿಯೂ ಹಾರಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಯಾವ ಕೆರೆಗೆ ಬರುತ್ತವೆ, ಲೊಕೇಶನ್ ಕಳಿಸಿ. (ಮಾಲೂರು, ಗುಬ್ಬಿ, ಚಿಂತಾಮಣಿ, ಇನ್ನೂ ಹಲವರು)

ಕಳಿಸುವುದಿಲ್ಲ. ಒಮ್ಮೆ ಒಬ್ಬರಿಗೆ ಹೇಳಿ ಕೆಟ್ಟೆ. ಮುಂದಿನ ಭಾನುವಾರ ಕೆರೆ ಅಂಗಳದಲ್ಲಿ ಹನ್ನೊಂದು ಕಾರು, ಹುರುಳಿ ಹೊಲದ ತುಂಬ ಚಕ್ರದ ಗುರುತು, ಬೈಸಿಕೊಂಡವನು ನಾನು. ಇಲ್ಲಿ ಬಂದರೂ ಬೆರಳೆಣಿಕೆ. ರಾಶಿ ನೋಡಬೇಕಿದ್ದರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆ ಎಲ್ಲರಿಗೂ ಗೊತ್ತಿರುವ ಜಾಗಗಳೇ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ಹೆಬ್ಬಾತು ಹುಡುಕಬೇಡಿ. ಅಲ್ಲಿ ಹುಣಸೆಮರದ ಮೇಲಿರುವುದು ಬಣ್ಣದ ಕೊಕ್ಕರೆ.

ಎವರೆಸ್ಟ್ ಮೇಲೆ ಹಾರುತ್ತವಂತೆ, ನಿಜವೇ?

ಎವರೆಸ್ಟ್ 8,849 ಮೀಟರ್. ಯಂತ್ರ ಕಟ್ಟಿ ಅಳೆದಾಗ ಸಿಕ್ಕ ಅತಿ ಎತ್ತರ 7,290 ಮೀಟರ್, ಬಹುಪಾಲು ಹಾರಾಟ 6,000ಕ್ಕಿಂತ ಕೆಳಗೆ. ಕಣಿವೆ ಬಂದರೆ ಇಳಿದು, ಗುಡ್ಡ ಬಂದರೆ ಏರಿ, ನೆಲದ ಏರಿಳಿತ ಹಿಡಿದೇ ಹೋಗುತ್ತವೆ. ಜಂಬಕ್ಕೆ ಹಾರುವವರು ನಾವು ಮಾತ್ರ.

ಡ್ರೋನ್ ಬಿಟ್ಟರೆ ತಪ್ಪೇ?

ತಪ್ಪು. ಅವುಗಳ ಕಣ್ಣಿಗೆ ಅದು ಹದ್ದು.

ಫಾರ್ಮ್‌ಹೌಸಿನ ಬಿಳಿ ಹೆಬ್ಬಾತು ಹಾಲು ಕುಡಿಯುತ್ತಿಲ್ಲ, ಹಂಸದ ಜಾತಿ ಅಲ್ಲವೇ?

ಅದಕ್ಕೆ ಹುಲ್ಲು ಹಾಕಿ.

ಕಾಡು ಹೆಬ್ಬಾತಿನ ಕೊಬ್ಬು ಮಂಡಿನೋವಿಗೆ ಒಳ್ಳೆಯದೆಂದು ಒಬ್ಬ ನಾಟಿ ವೈದ್ಯರು ಹೇಳಿದ್ದಾರೆ. ಸತ್ತು ಬಿದ್ದದ್ದನ್ನು ಬಳಸಬಹುದೇ? (ಮುಳಬಾಗಿಲು)

ಹಾಗೆ ಹೇಳಿದವರು ವೈದ್ಯರಲ್ಲ ತಾಯಿ. ಈ ಹಕ್ಕಿಯನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಸತ್ತದ್ದನ್ನು ಮುಟ್ಟುವುದು ಅದಕ್ಕಿಂತ ಅಪಾಯ. 2005ರಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ, 2021ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿ ಸತ್ತವು. ಹೆಚ್ಚಿನವು ಇವೇ ಪಟ್ಟೆತಲೆಯವು. ಸತ್ತ ಹೆಬ್ಬಾತು ಕಂಡರೆ ನಾಯಿ, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಂಡು ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ಅವತ್ತೇ ಫೋನ್ ಮಾಡಿ. ಕತ್ತಿನಲ್ಲಿ ಅಧ್ಯಯನದವರು ಹಾಕಿದ, ಅಕ್ಷರ ಬರೆದ ಪ್ಲಾಸ್ಟಿಕ್ ಪಟ್ಟಿ ಇದ್ದರೆ ದೂರದಿಂದಲೇ ಜೂಮ್ ಮಾಡಿ ಫೋಟೊ ತೆಗೆದು ಅವರಿಗೇ ಕೊಡಿ. ಮಂಡಿಗೆ ಮೂಳೆ ಡಾಕ್ಟರಿದ್ದಾರೆ.