ಪ್ರಶ್ನೋತ್ತರ: ವಿಡಿಯೊ ಪಾಠ ನೋಡಿದ ಮೇಲೂ ಅರ್ಥವಾಗದ ಟ್ರಾನ್ಸಿಸ್ಟರ್

ಅರೆವಾಹಕ ಮತ್ತು ಟ್ರಾನ್ಸಿಸ್ಟರ್‌ಗಳನ್ನು ಅಂತರ್ಜಾಲದ ವಿಡಿಯೊ ಪಾಠಗಳ ಮೂಲಕ ಕಲಿಯುತ್ತಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಮೊದಲನೆಯ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳಿರುವುದರಿಂದ ಅದರ ಉತ್ತರ ಉಳಿದವುಗಳಿಗಿಂತ ದೀರ್ಘವಾಗಿದೆ.

ಪ್ರಶ್ನೆ: ರಿವರ್ಸ್ ಬಯಾಸ್‌ನಲ್ಲಿರುವ ಸಂಧಿಯ ಮೂಲಕ ವಿದ್ಯುತ್ ಹರಿಯುವುದಿಲ್ಲ ಎಂದು ಡಯೋಡ್ ಕುರಿತ ವಿಡಿಯೊಗಳಲ್ಲಿ ಹೇಳುತ್ತಾರೆ. ಟ್ರಾನ್ಸಿಸ್ಟರ್ ಪಾಠಕ್ಕೆ ಬಂದರೆ, ಕಲೆಕ್ಟರ್ ಸಂಧಿ ರಿವರ್ಸ್ ಬಯಾಸ್‌ನಲ್ಲಿದೆ ಎಂದು ಹೇಳಿ, ಮರುಕ್ಷಣವೇ ಅದರ ಮೂಲಕ ದೊಡ್ಡ ಪ್ರವಾಹ ಹರಿಯುವುದನ್ನು ತೋರಿಸುತ್ತಾರೆ. ಎರಡೂ ಹೇಗೆ ನಿಜವಾಗುತ್ತವೆ?
– ಡಿಪ್ಲೊಮಾ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಕೊರತೆ ಇರುವುದು ಡಯೋಡ್ ಪಾಠದ ಆ ಒಂದು ವಾಕ್ಯದಲ್ಲಿ. ಸಂಧಿ ಎಂದರೆ ಪಿ ಮತ್ತು ಎನ್ ಮಾದರಿಯ ಅರೆವಾಹಕಗಳು ಕೂಡುವ ಜಾಗ. ಎನ್ ಬದಿಯಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚು, ಪಿ ಬದಿಯಲ್ಲಿ ರಂಧ್ರಗಳು, ಅಂದರೆ ಎಲೆಕ್ಟ್ರಾನ್ ಇಲ್ಲದ ತೆರವು ಜಾಗಗಳು, ಹೆಚ್ಚು. ಎನ್ ಬದಿಗೆ ಧನ, ಪಿ ಬದಿಗೆ ಋಣ ವೋಲ್ಟೇಜ್ ಕೊಡುವುದೇ ರಿವರ್ಸ್ ಬಯಾಸ್. ಅದು ತಡೆಯುವುದು ಆಯಾ ಬದಿಯಲ್ಲಿ ಹೆಚ್ಚಾಗಿರುವ, ಅಂದರೆ ಬಹುಸಂಖ್ಯಾತ, ವಾಹಕಗಳನ್ನು ಮಾತ್ರ. ಅಂದರೆ ಎನ್ ಬದಿಯ ಎಲೆಕ್ಟ್ರಾನ್‌ಗಳು ಪಿ ಬದಿಗೆ ಹೋಗದಂತೆ, ಪಿ ಬದಿಯ ರಂಧ್ರಗಳು ಎನ್ ಬದಿಗೆ ಬಾರದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಪಿ ಬದಿಯಲ್ಲಿ ಹೇಗೋ ಇದ್ದ ಎಲೆಕ್ಟ್ರಾನ್ ಒಂದು ಅಲೆಯುತ್ತಾ ಸಂಧಿಯ ಅಂಚಿಗೆ ಬಂದರೆ, ಅದೇ ವಿದ್ಯುತ್ ಕ್ಷೇತ್ರ ಅದನ್ನು ಎನ್ ಬದಿಗೆ ಸೆಳೆದುಕೊಂಡುಬಿಡುತ್ತದೆ. ಒಂಟಿ ಡಯೋಡ್‌ನಲ್ಲಿ ಈ ಪ್ರವಾಹ ಗಮನಕ್ಕೆ ಬಾರದಿರುವುದಕ್ಕೆ ಕಾರಣ, ಪಿ ಬದಿಯಲ್ಲಿ ಅಂತಹ ಎಲೆಕ್ಟ್ರಾನ್‌ಗಳು ತೀರಾ ವಿರಳವಾಗಿರುವುದು.

ಎಷ್ಟು ವಿರಳ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಹೆಚ್ಚಿನ ವಿಡಿಯೊಗಳು ಬಣ್ಣದ ಗುಂಡುಗಳನ್ನು ಓಡಿಸುವ ಭರದಲ್ಲಿ ಈ ಲೆಕ್ಕವನ್ನು ಬಿಟ್ಟುಬಿಡುತ್ತವೆ. ಶುದ್ಧ ಸಿಲಿಕಾನ್‌ನ ಒಂದು ಘನ ಸೆಂಟಿಮೀಟರ್‌ನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಸುಮಾರು 1,000 ಕೋಟಿ ಮುಕ್ತ ಎಲೆಕ್ಟ್ರಾನ್‌ಗಳೂ ಅಷ್ಟೇ ರಂಧ್ರಗಳೂ ಇರುತ್ತವೆ. ಸಂಖ್ಯೆ ದೊಡ್ಡದೆನಿಸಿದರೂ, ಅಲ್ಲಿರುವ ಪರಮಾಣುಗಳಿಗೆ ಹೋಲಿಸಿದರೆ ಅದು ಐದು ಲಕ್ಷ ಕೋಟಿ ಪರಮಾಣುಗಳಿಗೆ ಒಂದರಂತೆ ಆಗುತ್ತದೆ. ಇದಕ್ಕೆ ಹತ್ತು ಲಕ್ಷ ಸಿಲಿಕಾನ್ ಪರಮಾಣುಗಳಿಗೆ ಒಂದರಂತೆ ಬೋರಾನ್ ಬೆರೆಸಿ ಪಿ ಮಾದರಿಯಾಗಿಸಿದರೆ ರಂಧ್ರಗಳ ಸಂಖ್ಯೆ ಐವತ್ತು ಲಕ್ಷ ಪಟ್ಟು ಹೆಚ್ಚುತ್ತದೆ. ನಿರ್ದಿಷ್ಟ ಉಷ್ಣತೆಯಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರಗಳ ಸಾಂದ್ರತೆಗಳ ಗುಣಲಬ್ಧ ಬದಲಾಗದು ಎಂಬ ನಿಯಮವಿರುವುದರಿಂದ, ಎಲೆಕ್ಟ್ರಾನ್‌ಗಳು ಅಷ್ಟೇ ಪಟ್ಟು ಕಡಿಮೆಯಾಗಿ ಘನ ಸೆಂಟಿಮೀಟರ್‌ಗೆ ಕೇವಲ 2,000 ಉಳಿಯುತ್ತವೆ. ರಿವರ್ಸ್ ಬಯಾಸ್‌ನಲ್ಲಿ ದಾಟಲು ಸಿದ್ಧವಾಗಿರುವ ಎಲೆಕ್ಟ್ರಾನ್‌ಗಳು ಇವೇ. ದಾಟುವ ದಾರಿ ತೆರೆದೇ ಇದೆ, ದಾಟುವವರಿಲ್ಲ.

ಈಗ ಎನ್‌ಪಿಎನ್ ಟ್ರಾನ್ಸಿಸ್ಟರ್‌ಗೆ ಬನ್ನಿ. ಅದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್ ಎಂಬ ಮೂರು ಪದರಗಳು ಸಾಲಾಗಿವೆ. ನಡುವಿನ ಬೇಸ್ ಪಿ ಮಾದರಿಯದು, ಉಳಿದೆರಡು ಎನ್ ಮಾದರಿಯವು. ಬೇಸ್-ಎಮಿಟರ್ ಸಂಧಿಗೆ ಸುಮಾರು 0.7 ವೋಲ್ಟ್ ಫಾರ್ವರ್ಡ್ ಬಯಾಸ್ (ರಿವರ್ಸ್‌ಗೆ ವಿರುದ್ಧ ದಿಕ್ಕಿನ ವೋಲ್ಟೇಜ್) ಕೊಟ್ಟಾಗ, ಹೆಚ್ಚು ಡೋಪ್ ಮಾಡಿದ (ಅಂದರೆ ಬೇರೆ ಧಾತುವನ್ನು ಹೆಚ್ಚು ಬೆರೆಸಿದ) ಎಮಿಟರ್‌ನಿಂದ ಎಲೆಕ್ಟ್ರಾನ್‌ಗಳು ಬೇಸ್‌ಗೆ ನುಗ್ಗುತ್ತವೆ. ಬೇಸ್ ಒಳಗೆ ಕಾಲಿಟ್ಟ ಕೂಡಲೇ ಅವು ಅಲ್ಪಸಂಖ್ಯಾತ ವಾಹಕಗಳು. ಬೇಸ್‌ನ ದಪ್ಪ ಒಂದು ಮೈಕ್ರೊಮೀಟರ್‌ನ ಆಸುಪಾಸಿನಲ್ಲಿ, ಅಥವಾ ಅದಕ್ಕೂ ಕಡಿಮೆ ಇರುತ್ತದೆ. ಎಲೆಕ್ಟ್ರಾನ್ ಒಂದು ರಂಧ್ರದೊಂದಿಗೆ ಕೂಡಿ ಇಲ್ಲವಾಗುವ ಮೊದಲು ಹತ್ತಾರು ಮೈಕ್ರೊಮೀಟರ್ ದೂರ ಅಲೆಯಬಲ್ಲದು. ಹೀಗಾಗಿ ಬೇಸ್‌ಗೆ ಬಂದ ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಎಲೆಕ್ಟ್ರಾನ್‌ಗಳು ಆಚೆಯ ಅಂಚನ್ನು ತಲುಪುತ್ತವೆ, ಅಲ್ಲಿ ರಿವರ್ಸ್ ಬಯಾಸ್‌ನ ಕ್ಷೇತ್ರ ಅವನ್ನು ಕಲೆಕ್ಟರ್‌ಗೆ ಸೆಳೆದುಕೊಳ್ಳುತ್ತದೆ. ಡಯೋಡ್‌ನಲ್ಲಿ ಇಲ್ಲದಿದ್ದ ದಾಟುವವರನ್ನು ಇಲ್ಲಿ ಎಮಿಟರ್ ಒದಗಿಸುತ್ತಿದೆ, ಅಷ್ಟೇ ವ್ಯತ್ಯಾಸ.

ಈ ಹಂತದಲ್ಲಿ ಬಹುತೇಕ ಎಲ್ಲ ವಿಡಿಯೊಗಳೂ ನಲ್ಲಿಯ ಹೋಲಿಕೆಯನ್ನು ತರುತ್ತವೆ: ಬೇಸ್ ಎಂಬ ತಿರುಪನ್ನು ಸ್ವಲ್ಪ ತಿರುಗಿಸಿದರೆ ಕಲೆಕ್ಟರ್‌ನಿಂದ ನೀರು ಹರಿಯುತ್ತದೆ ಎಂದು. ಟ್ರಾನ್ಸಿಸ್ಟರ್ ಏನು ಮಾಡುತ್ತದೆ ಎಂಬುದನ್ನು ಹೇಳಲು ಇದು ಸಾಕು. ಹೇಗೆ ಮಾಡುತ್ತದೆ ಎಂಬುದನ್ನು ಮಾತ್ರ ಇದು ಸಂಪೂರ್ಣ ಮುಚ್ಚಿಹಾಕುತ್ತದೆ. ನಲ್ಲಿಯೊಳಗೆ ನೀರಿಗೆ ಅಡ್ಡವಾಗಿ ಒಂದು ತಡೆ ಇದೆ, ತಿರುಪು ಅದನ್ನು ಸರಿಸುತ್ತದೆ. ಕಲೆಕ್ಟರ್ ಸಂಧಿಯಲ್ಲಿ ಬೇಸ್ ಪ್ರವಾಹ ಯಾವ ತಡೆಯನ್ನೂ ಸರಿಸುವುದಿಲ್ಲ. ಬೇಸ್ ಪ್ರವಾಹವೆಂದರೆ, ದಾರಿಯಲ್ಲಿ ಎಲೆಕ್ಟ್ರಾನ್‌ಗಳೊಂದಿಗೆ ಕೂಡಿಹೋದ ರಂಧ್ರಗಳನ್ನೂ ಬೇಸ್‌ನಿಂದ ಎಮಿಟರ್‌ಗೆ ಹಿಂದಿರುಗಿ ನುಸುಳಿದ ರಂಧ್ರಗಳನ್ನೂ ಮತ್ತೆ ತುಂಬಿಕೊಡಲು ತಗಲುವ ವೆಚ್ಚ. ನಿಜವಾದ ಹಿಡಿತ ಇರುವುದು ಬೇಸ್-ಎಮಿಟರ್ ವೋಲ್ಟೇಜಿನ ಕೈಯಲ್ಲಿ. ಅದು 60 ಮಿಲಿವೋಲ್ಟ್‌ನಷ್ಟು ಏರಿದರೆ ಕಲೆಕ್ಟರ್ ಪ್ರವಾಹ ಹತ್ತು ಪಟ್ಟಾಗುತ್ತದೆ. ನಲ್ಲಿಯ ಚಿತ್ರ ತೋರಿಸುವ ಪಾಠ ಇದನ್ನು ಮುಂದೆ ಹೇಳದಿದ್ದರೆ, ಆ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಬೇರೊಂದನ್ನು ಹುಡುಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ನಿಮಗೆ ಇದು ಅರ್ಥವಾಯಿತೇ ಎಂದು ಪರೀಕ್ಷಿಸಿಕೊಳ್ಳಲು ಒಂದು ಪ್ರಶ್ನೆ. ಎರಡು ಡಯೋಡ್‌ಗಳ ಪಿ ತುದಿಗಳನ್ನು ತಂತಿಯಿಂದ ಬೆಸೆದರೆ, ಚಿತ್ರದಲ್ಲಿ ಅದು ಎನ್‌ಪಿಎನ್ ಟ್ರಾನ್ಸಿಸ್ಟರ್‌ನಂತೆಯೇ ಕಾಣುತ್ತದೆ. ಆದರೂ ಅದು ಏಕೆ ಟ್ರಾನ್ಸಿಸ್ಟರ್ ಆಗುವುದಿಲ್ಲ? ಮೊದಲ ಡಯೋಡ್‌ಗೆ ನುಗ್ಗಿದ ಎಲೆಕ್ಟ್ರಾನ್‌ಗಳು ಎರಡನೆಯ ಡಯೋಡ್‌ನ ಸಂಧಿಯನ್ನು ಅಲ್ಪಸಂಖ್ಯಾತ ವಾಹಕಗಳಾಗಿಯೇ ತಲುಪಬಲ್ಲವೇ, ನಡುವೆ ಲೋಹದ ತಂತಿ ಇರುವಾಗ ಅವು ಏನಾಗುತ್ತವೆ ಎಂದು ಯೋಚಿಸಿ. ಮೇಲಿನ ವಿವರಣೆಯಿಂದಲೇ ಉತ್ತರ ಹೊಳೆಯಬೇಕು.

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ ಮುಗಿಸಿದ್ದಾನೆ, ಎಂಜಿನಿಯರಿಂಗ್‌ನಲ್ಲಿ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವ ಆಸೆಯಿದೆ. ಅವನ ಭೌತಶಾಸ್ತ್ರ ಪುಸ್ತಕದಲ್ಲಿ ಟ್ರಾನ್ಸಿಸ್ಟರ್ ಪಾಠವೇ ಕಾಣಲಿಲ್ಲ. ರಜೆಯಲ್ಲಿ ಯಾವ ವಿಡಿಯೊಗಳನ್ನು ನೋಡಬೇಕು?
– ಪೋಷಕರು, ಶಿರಸಿ

ಉತ್ತರ: ನೀವು ಗಮನಿಸಿದ್ದು ಸರಿ. ಎನ್‌ಸಿಇಆರ್‌ಟಿ ಪುಸ್ತಕದ ಈಗಿನ ಆವೃತ್ತಿಯಲ್ಲಿ ಅರೆವಾಹಕಗಳ ಅಧ್ಯಾಯ ಡಯೋಡ್ ಮತ್ತು ರೆಕ್ಟಿಫೈಯರ್‌ಗಳಿಗೆ ಮುಗಿಯುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಟ್ರಾನ್ಸಿಸ್ಟರ್ ಮತ್ತು ಲಾಜಿಕ್ ಗೇಟ್‌ಗಳೂ ಇದ್ದವು. ಹಳೆಯ ಪುಸ್ತಕ ಯಾರ ಬಳಿಯಾದರೂ ಸಿಕ್ಕರೆ ಆ ಪುಟಗಳನ್ನು ಓದಿಸಿ.

ವಿಡಿಯೊಗಳಲ್ಲಿ ಎರಡು ದಾರಿಗಳಿವೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಯಲ್ಲಿ, ಅದೇ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ದಿಗ್ಬಿಜಯ್ ನಾಥ್ ಅವರ ಅರೆವಾಹಕ ಸಾಧನಗಳ ಪಾಠಮಾಲೆ ಉಚಿತವಾಗಿ ದೊರೆಯುತ್ತದೆ. ಅದು ಸ್ಫಟಿಕ, ಶಕ್ತಿಪಟ್ಟಿ, ವಾಹಕಗಳು ಎಂದು ಒಳಗಿನಿಂದ ಹೊರಗೆ ಸಾಗುವ ದಾರಿ. ಮತ್ತೊಂದು, ಅಮೆರಿಕದ ಎಂಐಟಿಯ ಓಪನ್‌ಕೋರ್ಸ್‌ವೇರ್‌ನಲ್ಲಿರುವ ಅನಂತ್ ಅಗರ್ವಾಲ್ ಅವರ ಸರ್ಕ್ಯೂಟ್ ಪಾಠಗಳು. ಮಂಗಳೂರಿನಲ್ಲಿ ಶಾಲೆ ಕಲಿತು ಮದ್ರಾಸ್ ಐಐಟಿಯಲ್ಲಿ ಪದವಿ ಪಡೆದ ಈ ಪ್ರಾಧ್ಯಾಪಕರು, ಟ್ರಾನ್ಸಿಸ್ಟರನ್ನು ಮೊದಲು ಒಂದು ಸ್ವಿಚ್ ಎಂದಷ್ಟೇ ಇಟ್ಟುಕೊಂಡು, ಅದರಿಂದ ಏನೇನು ಕಟ್ಟಬಹುದು ಎಂದು ಹೊರಗಿನಿಂದ ಒಳಗೆ ಕರೆದೊಯ್ಯುತ್ತಾರೆ. ರಜೆಯಲ್ಲಿ ಕಲಿಯುವ ಹುಡುಗನಿಗೆ ಎರಡನೆಯದೇ ಮೊದಲು ಇರಲಿ. ಒಳಗಿನ ಭೌತಶಾಸ್ತ್ರಕ್ಕೆ ಕಾಲೇಜಿನಲ್ಲಿ ಹೇಗೂ ಬರಲೇಬೇಕು. ಕನ್ನಡದಲ್ಲಿ ವಿವರಿಸುವ ವಿಡಿಯೊಗಳೂ ಸಾಕಷ್ಟಿವೆ. ಅವುಗಳಲ್ಲಿ ಹಲವು ವಿಟಿಯು ಪರೀಕ್ಷೆಯ ಪ್ರಶ್ನೆಗಳನ್ನು ಗುರಿಯಾಗಿಟ್ಟುಕೊಂಡಿರುವುದರಿಂದ ಸೂತ್ರಗಳ ನಿರೂಪಣೆಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದೇ ಅಗರ್ವಾಲ್ ಅವರ ಪಾಠಮಾಲೆಯನ್ನು 2012ರಲ್ಲಿ ಎಂಐಟಿ ತನ್ನ ಮೊದಲ ಮುಕ್ತ ಆನ್‌ಲೈನ್ ಕೋರ್ಸ್ ಆಗಿ ನಡೆಸಿದಾಗ ಸುಮಾರು ಒಂದೂವರೆ ಲಕ್ಷ ಜನ ನೋಂದಾಯಿಸಿಕೊಂಡರು, ಪೂರ್ಣಗೊಳಿಸಿ ಪ್ರಮಾಣಪತ್ರ ಪಡೆದವರು ಏಳು ಸಾವಿರ ಚಿಲ್ಲರೆ. ಆ ಕೋರ್ಸ್‌ನಲ್ಲಿ ಮನೆಗೆಲಸ, ಪ್ರಯೋಗ, ಪರೀಕ್ಷೆ ಎಲ್ಲವೂ ಇದ್ದವು ಎಂಬುದನ್ನು ಮರೆಯಬಾರದು. ಬರಿದೆ ನೋಡುವವನಿಗೆ ಅಷ್ಟೂ ಕಟ್ಟುಪಾಡು ಇರುವುದಿಲ್ಲ. ಆದ್ದರಿಂದ ಮಗನ ಮುಂದೆ ನೋಟ್‌ಬುಕ್ ಮತ್ತು ಕ್ಯಾಲ್ಕುಲೇಟರ್ ಇರಲಿ, ಉಪನ್ಯಾಸಕರು ಫಲಕದ ಮೇಲೆ ಪ್ರಶ್ನೆ ಬರೆದ ಕೂಡಲೇ ವಿಡಿಯೊ ನಿಲ್ಲಿಸಿ ತಾನೇ ಬಿಡಿಸಿ, ಅನಂತರ ಉತ್ತರ ನೋಡಲಿ. ಕೇಳುವಾಗ ಎಲ್ಲವೂ ಅರ್ಥವಾದಂತೆ ಅನಿಸುವುದು ವಿಡಿಯೊ ಪಾಠದ ದೊಡ್ಡ ಮೋಸ.

ಪ್ರಶ್ನೆ: ರೇಡಿಯೊ, ಮಿಕ್ಸರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ವಿದೇಶಿ ವಿಡಿಯೊ ಒಂದರಲ್ಲಿ 2ಎನ್3904 ಟ್ರಾನ್ಸಿಸ್ಟರ್ ಬಳಸಿ ಎಲ್ಇಡಿ ಉರಿಸುವುದನ್ನು ನೋಡಿ, ಅದರ ಬದಲು ನನ್ನ ಬಳಿಯಿದ್ದ ಬಿಸಿ547 ಹಾಕಿ ಹಾಗೆಯೇ ಜೋಡಿಸಿದೆ. ಎಲ್ಇಡಿ ಸರಿಯಾಗಿ ಉರಿಯುತ್ತಿಲ್ಲ. ಟ್ರಾನ್ಸಿಸ್ಟರ್ ಕೆಟ್ಟಿದೆಯೇ?
– ಓದುಗರು, ಸಿಂಧನೂರು

ಉತ್ತರ: ಬಹುಶಃ ಕೆಟ್ಟಿಲ್ಲ, ತಿರುಗಿ ಕೂತಿದೆ. ಚಪ್ಪಟೆ ಮುಖವನ್ನು ನಮ್ಮ ಕಡೆಗೆ, ಕಾಲುಗಳನ್ನು ಕೆಳಕ್ಕೆ ಹಿಡಿದಾಗ ಬಿಸಿ547ರ ಕಾಲುಗಳು ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ತಿರುಗಿಸಿ ಹಾಕಿದರೂ ಎನ್‌ಪಿಎನ್ ಕ್ರಮವೇ ಇರುವುದರಿಂದ ಟ್ರಾನ್ಸಿಸ್ಟರ್ ಮಂದವಾಗಿ ಕೆಲಸ ಮಾಡುತ್ತದೆ, ಆದರೆ ಕಲೆಕ್ಟರ್‌ನಲ್ಲಿ ಡೋಪಿಂಗ್ ಕಡಿಮೆ ಇರುವುದರಿಂದ ಎಮಿಟರ್‌ನ ಕೆಲಸವನ್ನು ಅದು ಚೆನ್ನಾಗಿ ಮಾಡಲಾರದು, ಗೇನ್ (ಕಲೆಕ್ಟರ್ ಪ್ರವಾಹ ಬೇಸ್ ಪ್ರವಾಹದ ಎಷ್ಟು ಪಟ್ಟು ಎಂಬ ಲೆಕ್ಕ) ತೀರಾ ಇಳಿದುಹೋಗುತ್ತದೆ. ಬೇಸ್-ಎಮಿಟರ್ ಸಂಧಿ ರಿವರ್ಸ್‌ನಲ್ಲಿ ಸುಮಾರು 6 ವೋಲ್ಟ್‌ಗಿಂತ ಹೆಚ್ಚು ತಾಳದ ಕಾರಣ, 9 ಅಥವಾ 12 ವೋಲ್ಟ್‌ನಲ್ಲಿ ಹೀಗೆ ತಿರುಗಿಸಿ ಬಹಳ ಹೊತ್ತು ಇಟ್ಟರೆ ನಿಜವಾಗಿಯೂ ಕೆಡಬಹುದು.

ಸರಿಯಾಗಿ ಜೋಡಿಸಿದ ಮೇಲೆ ರೆಸಿಸ್ಟರ್‌ಗಳ ಮೌಲ್ಯಗಳನ್ನು ನೋಡಿ. 5 ವೋಲ್ಟ್ ಪೂರೈಕೆ, ಕೆಂಪು ಎಲ್ಇಡಿಗೆ 2 ವೋಲ್ಟ್, ಪೂರ್ತಿ ಆನ್ ಆದ ಟ್ರಾನ್ಸಿಸ್ಟರ್‌ನಲ್ಲಿ 0.2 ವೋಲ್ಟ್ ಎಂದರೆ ಉಳಿಯುವುದು 2.8 ವೋಲ್ಟ್, 330 ಓಮ್ ರೆಸಿಸ್ಟರ್ ಹಾಕಿದರೆ ಪ್ರವಾಹ ಸುಮಾರು 8.5 ಮಿಲಿಆಂಪಿಯರ್. ಬೇಸ್‌ಗೆ 10 ಕಿಲೊಓಮ್ ಹಾಕಿದರೆ, 5 ವೋಲ್ಟ್‌ನಲ್ಲಿ ಬೇಸ್-ಎಮಿಟರ್‌ನ 0.7 ಕಳೆದು ಉಳಿದ 4.3 ವೋಲ್ಟ್‌ಗೆ 0.43 ಮಿಲಿಆಂಪಿಯರ್ ಬರುತ್ತದೆ, ಅಂದರೆ ಕಲೆಕ್ಟರ್ ಪ್ರವಾಹದ ಇಪ್ಪತ್ತರಲ್ಲೊಂದು ಪಾಲು. ಬಿಸಿ547ರ ಗೇನ್ 110ರಿಂದ 800ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಆದ್ದರಿಂದ ಗೇನ್ ಇಪ್ಪತ್ತೇ ಎಂದು ಭಾವಿಸಿ ಲೆಕ್ಕ ಹಾಕಿದ ಸ್ವಿಚ್ ಯಾವ ಅಂಗಡಿಯ ಯಾವ ಟ್ರಾನ್ಸಿಸ್ಟರ್‌ನಲ್ಲೂ ಕೈಕೊಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸುವಾಗ ಟ್ರಾನ್ಸಿಸ್ಟರ್‌ನ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ, ತಯಾರಕರ ಡೇಟಾಶೀಟ್‌ನ ಮೊದಲ ಪುಟದಲ್ಲಿರುವ ಕಾಲುಗಳ ಚಿತ್ರವನ್ನು ಒಮ್ಮೆ ನೋಡಿಕೊಂಡರೆ ಸಾಕು.

ಪ್ರಶ್ನೆ: ಮೊಬೈಲ್ ಚಿಪ್‌ನಲ್ಲಿರುವ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳೂ ವಿಡಿಯೊಗಳಲ್ಲಿ ತೋರಿಸುವ ಎನ್‌ಪಿಎನ್ ಟ್ರಾನ್ಸಿಸ್ಟರ್‌ಗಳೇ?
– ಬಿಎಸ್‌ಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಅಲ್ಲ. ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರ್‌ನಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಜರ್ಮೇನಿಯಂ ತುಂಡಿನ ಮೇಲೆ ಎರಡು ಚಿನ್ನದ ಸಂಪರ್ಕಗಳನ್ನು ಒತ್ತಿ ಮಾಡಿದ್ದು ಒಂದು ಬಗೆ. ಮರುವರ್ಷ ಜನವರಿಯಲ್ಲಿ ಶಾಕ್ಲಿ ಕಲ್ಪಿಸಿದ ಸಂಧಿ ಟ್ರಾನ್ಸಿಸ್ಟರ್ ಇನ್ನೊಂದು ಬಗೆ, ಪಾಠಗಳಲ್ಲಿ ತೋರಿಸುವ ಎನ್‌ಪಿಎನ್ ಇದರ ಸಂತತಿ. ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಮೊಬೈಲ್ ಚಿಪ್‌ನಲ್ಲಿರುವುದು ಮೂರನೆಯ ಬಗೆಯಾದ ಮಾಸ್‌ಫೆಟ್. ಅದರಲ್ಲಿ ಗೇಟ್ ಎಂಬ ನಿಯಂತ್ರಕ ತುದಿ ಮತ್ತು ಸಿಲಿಕಾನ್ ನಡುವೆ ತೆಳುವಾದ ನಿರೋಧಕ ಪದರ ಇರುತ್ತದೆ, ಗೇಟ್‌ಗೆ ಕೊಟ್ಟ ವೋಲ್ಟೇಜ್ ಆ ಪದರದ ಆಚೆಯಿಂದಲೇ ಎಲೆಕ್ಟ್ರಾನ್‌ಗಳನ್ನು ಮೇಲ್ಮೈಗೆ ಸೆಳೆದು ಸೋರ್ಸ್ ಎಂಬ ತುದಿಯಿಂದ ಡ್ರೇನ್ ಎಂಬ ತುದಿಗೆ ಒಂದು ಕಾಲುವೆ ನಿರ್ಮಿಸುತ್ತದೆ.

ವಿದ್ಯುತ್ ಕ್ಷೇತ್ರದಿಂದ ಪ್ರವಾಹವನ್ನು ನಿಯಂತ್ರಿಸುವ ಈ ಕಲ್ಪನೆಗೆ ಲಿಲಿಯನ್‌ಫೆಲ್ಡ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರೂ, ಸಿಲಿಕಾನ್‌ನ ಮೇಲ್ಮೈಯಲ್ಲಿರುವ ಅಪೂರ್ಣ ಬಂಧಗಳು, ಗೇಟ್ ಸೆಳೆದ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಕಾರಣ ಸಾಧನವನ್ನು ಮಾಡಲು ದಶಕಗಳೇ ಹಿಡಿದವು. ಹೆಚ್ಚಿನ ಉಷ್ಣತೆಯಲ್ಲಿ ಸಿಲಿಕಾನ್‌ನ ಮೇಲೆಯೇ ಬೆಳೆಸಿದ ಆಕ್ಸೈಡ್ ಪದರ ಈ ಬಂಧಗಳನ್ನು ಶಾಂತಗೊಳಿಸುತ್ತದೆ ಎಂಬುದನ್ನು ಬಳಸಿಕೊಂಡು, ಬೆಲ್ ಪ್ರಯೋಗಾಲಯದಲ್ಲಿಯೇ ಅಟಾಲಾ ಮತ್ತು ಕಾಂಗ್ 1959ರಲ್ಲಿ ಮಾಸ್‌ಫೆಟ್ ರೂಪಿಸಿದರು. ಗೇಟ್‌ನಲ್ಲಿ ನಿರಂತರ ಪ್ರವಾಹ ಬೇಕಿಲ್ಲದಿರುವುದೇ ಇದರ ದೊಡ್ಡ ಅನುಕೂಲ. ಇಂದಿನ ಮೇಲ್ದರ್ಜೆಯ ಮೊಬೈಲ್ ಚಿಪ್ ಒಂದರಲ್ಲಿ 1,000 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರ್‌ಗಳಿವೆ. ಅವು ಎನ್‌ಪಿಎನ್ ಆಗಿದ್ದು, ಆನ್ ಆಗಿರುವಷ್ಟು ಹೊತ್ತೂ ಪ್ರತಿಯೊಂದೂ ಬೇಸ್‌ಗೆ ಒಂದು ಮೈಕ್ರೊಆಂಪಿಯರ್ ಮಾತ್ರ ಬೇಡಿದ್ದರೂ, ಅರ್ಧದಷ್ಟು ಆನ್ ಇದ್ದಾಗ ಒಟ್ಟು 5,000 ಆಂಪಿಯರ್ ಬೇಕಾಗುತ್ತಿತ್ತು.